ಹನ್ನೆರಡು ವರ್ಷದಲ್ಲಿ ಕಾರು ಬದಲಾಗಲಿಲ್ಲ, ಕೂರುವವರು ಬದಲಾದರು

ಆಫೀಸಿನಲ್ಲಿ ಸಂಬಳ ಏರಿದವರು, ಮದುವೆ ನಿಶ್ಚಯ ಆದವರು, ಮನೆಗೆ ಪಾಪು ಬರೋದಿದೆ ಅನ್ನುವವರು ಒಂದಲ್ಲ ಒಂದು ದಿನ ಕಾಫಿ ಮೆಷಿನ್ ಪಕ್ಕ ನಿಂತು ಕೇಳೇ ಕೇಳ್ತಾರೆ: "ಯಾವ ಕಾರು ತಗೊಳ್ಳಲಿ?" ಸಲಹೆ ಕೊಡೋಕೆ ಸುತ್ತ ಹತ್ತು ಜನ ರೆಡಿ. ಒಬ್ಬರಿಗೆ ಸನ್‌ರೂಫ್ ಬೇಕು, ಇನ್ನೊಬ್ಬರಿಗೆ ಗ್ರೌಂಡ್ ಕ್ಲಿಯರೆನ್ಸ್, ಮತ್ತೊಬ್ಬರಿಗೆ ಮೈಲೇಜ್ ಬಿಟ್ಟು ಬೇರೇನೂ ಕಾಣಲ್ಲ. ನನ್ನನ್ನು ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳ್ತೀನಿ. ಈ ಕಾರನ್ನ ಎಷ್ಟು ವರ್ಷ ಇಟ್ಕೋತೀರಿ, ಆಗ ಅದರಲ್ಲಿ ಯಾರು ಯಾರು ಕೂತಿರ್ತಾರೆ?

ಹೀಗೆ ಕೇಳೋಕೆ ಕಾರಣ ನಮ್ಮ ಮನೆಯ ವ್ಯಾಗನ್‌ಆರ್. 2012ರ ವಿಜಯದಶಮಿಗೆ ಬಂದ ಗಾಡಿ. ಈ ಏಪ್ರಿಲ್‌ಗೆ ಹನ್ನೆರಡೂವರೆ ವರ್ಷ, 1,24,000 ಕಿಲೋಮೀಟರ್. ಬಂದ ಹೊಸದರಲ್ಲಿ ಅದರಲ್ಲಿ ಕೂರುತ್ತಿದ್ದವಳು ನಾನೊಬ್ಬಳೇ, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಆಮೇಲೆ ಗಂಡ, 2014ರಲ್ಲಿ ಮಗಳು, ಮಗಳ ಜೊತೆಗೆ ಅವಳ ತೊಟ್ಟಿಲು-ಡೈಪರ್ ಸಂಸಾರ. 2019ರಿಂದ ಆ ಎಡಗಡೆ ಸೀಟು ಪೂರ್ತಿಯಾಗಿ ಅಪ್ಪನದು.

ಕಾರಿನ ಅರ್ಧ ದುಡ್ಡು ನನ್ನ ಉಳಿತಾಯ, ಇನ್ನರ್ಧ ಅಪ್ಪ ಕೊಬ್ಬರಿ ಮಾರಿ ಕೊಟ್ಟದ್ದು. ನಮ್ಮದು ತಿಪಟೂರು. ಅಲ್ಲಿಯವರಿಗೆ ಮದುವೆ, ಮನೆ, ಮಕ್ಕಳ ಕಾಲೇಜು, ಕಾರು ಎಲ್ಲವೂ ಕೊಬ್ಬರಿ ರೇಟಿನ ಮೇಲೇ ನಿಂತಿರುತ್ತೆ. ಆವತ್ತು ಅಪ್ಪ ಹಾಕಿದ ಷರತ್ತು ಒಂದೇ: "ನಾನು ಪಂಚೆ ಉಟ್ಕೊಂಡು ಬಗ್ಗದೆ ಹತ್ತಂಗಿರ್ಬೇಕು." ಅವರಿಗೆ ಆಗ ಅರವತ್ತು. ತೋಟದಲ್ಲಿ ನಡೆದಾಡುವ ಗಟ್ಟಿ ಆಳು. ಅದು ಪಂಚೆಯ ಮಾತು ಅಂತಲೇ ನಾವೆಲ್ಲ ನಕ್ಕಿದ್ದೆವು.

ಡಬ್ಬದಂಥ ಕಾರು

ವ್ಯಾಗನ್‌ಆರ್‌ನ ಆಕಾರ ನೋಡಿ "ಬ್ರೆಡ್ ಡಬ್ಬ" ಅನ್ನೋರು ಇವತ್ತಿಗೂ ಇದ್ದಾರೆ. ಆ ಆಕಾರಕ್ಕೆ ಒಂದು ಕಥೆ ಇದೆ. ಸುಜುಕಿ ಇದನ್ನ ಜಪಾನಿನಲ್ಲಿ 1993ರಲ್ಲಿ ಬಿಟ್ಟದ್ದು ಅಲ್ಲಿನ 'ಕೇ' ಅನ್ನೋ ಪುಟ್ಟ ಕಾರುಗಳ ವರ್ಗಕ್ಕಾಗಿ. ಆ ವರ್ಗದ ಕಾರಿಗೆ ಎಂಜಿನ್ 660 ಸಿಸಿ ದಾಟಬಾರದು, ಉದ್ದ-ಅಗಲಕ್ಕೂ ಕಾನೂನಿನ ಮಿತಿ. ಅಕ್ಕಪಕ್ಕ ಬೆಳೆಯೋಕೆ ಜಾಗ ಇಲ್ಲ ಅಂದಮೇಲೆ ಮೇಲಕ್ಕೆ ಬೆಳೆಸಿದರು. ಕಾಲು ಮುಂದಕ್ಕೆ ಚಾಚಿ ಒರಗಿ ಕೂರುವ ಬದಲು, ಊಟದ ಮೇಜಿನ ಕುರ್ಚಿಯಲ್ಲಿ ಕೂತಹಾಗೆ ನೆಟ್ಟಗೆ ಕೂರಿಸಿದರು. ನೆಟ್ಟಗೆ ಕೂತವರಿಗೆ ಉದ್ದದಲ್ಲಿ ಕಡಿಮೆ ಜಾಗ ಸಾಕು. ಭಾರತಕ್ಕೆ ಬಂದದ್ದು 1999ರ ಡಿಸೆಂಬರ್‌ನಲ್ಲಿ, ದೊಡ್ಡ ಎಂಜಿನ್ ಜೊತೆಗೆ. ನಮ್ಮದು 2010ರಲ್ಲಿ ಬಂದ ಎರಡನೇ ತಲೆಮಾರಿನದು. 998 ಸಿಸಿ, ಮೂರು ಸಿಲಿಂಡರ್, 67 ಬಿಎಚ್‌ಪಿ.

ಉದ್ದ ಬರೀ 3.6 ಮೀಟರ್. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ನೀರಿನ ಟ್ಯಾಂಕರ್, ತರಕಾರಿ ಗಾಡಿ, ನಾಲ್ಕು ಬೈಕು, ಮಧ್ಯೆ ಒಂದು ಹಸು ಇದ್ದಾಗಲೂ ತಿರುಗಿಸಬಹುದು. ಎತ್ತರ ಐದೂವರೆ ಅಡಿಯಷ್ಟು. ಒಳಗೆ ಕೂತರೆ ತಲೆ ಮೇಲೆ ಇನ್ನೂ ಒಂದು ಮೈಸೂರು ಪೇಟ ಇಡುವಷ್ಟು ಜಾಗ. ಎಡಗಡೆ ಮುಂದಿನ ಸೀಟಿನ ಕೆಳಗೆ ತೆಗೆದಿಡಬಹುದಾದ ಒಂದು ಬಕೆಟ್ ಕೊಟ್ಟಿದ್ದಾರೆ. ನೋಡಿದವರು ನಗ್ತಾರೆ, ಬಳಸಿದವರಿಗೆ ಗೊತ್ತು ಅದರ ಬೆಲೆ. ನಮ್ಮ ಬಕೆಟ್‌ನಲ್ಲಿ ಮೊದಲು ನನ್ನ ಆಫೀಸ್ ಚಪ್ಪಲಿ ಇತ್ತು, ಆಮೇಲೆ ಮಗಳ ಹಾಲಿನ ಬಾಟಲಿ, ಈಗ ಅಪ್ಪನ ಮಾತ್ರೆ ಡಬ್ಬಿ, ಒಂದು ಟವೆಲ್, ಒಂದು ಜೊತೆ ಬದಲಿ ಪಂಚೆ.

ಇದು ಎಲ್ಲದಕ್ಕೂ ಆಗುವ ಕಾರು ಅಂತ ನಾನು ಹೇಳಲ್ಲ. ಡಿಕ್ಕಿ 180 ಲೀಟರ್ ಅಷ್ಟೇ. ಹಬ್ಬ ಮುಗಿಸಿ ಊರಿಂದ ಹೊರಟಾಗ ಅಮ್ಮ ಕೊಡುವ ಒಂದು ಮೂಟೆ ಸುಲಿದ ಕಾಯಿ, ರಾಗಿ ಹಿಟ್ಟು, ಹುಣಸೆಹಣ್ಣು, ಎರಡು ಬಾಳೆಗೊನೆ ಇಷ್ಟು ತುಂಬಿದರೆ ಮಗಳ ಕಾಲಡಿಗೂ ಒಂದು ಚೀಲ ಹೋಗಲೇಬೇಕು. ಹಗುರ ಗಾಡಿ, ಮೇಲಾಗಿ ಎತ್ತರ, ಹಾಗಾಗಿ ಹೈವೇಯಲ್ಲಿ ಪಕ್ಕದಲ್ಲಿ ಬಸ್ಸು ಭರ್ ಅಂತ ಹೋದರೆ ಸ್ಟಿಯರಿಂಗ್ ಮೇಲಿನ ಕೈ ತಾನಾಗೇ ಬಿಗಿಯಾಗುತ್ತೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಿಂದ ವಾಪಸ್ ಹತ್ತುವಾಗ ನಾಲ್ಕು ಜನ ಇದ್ದರೆ ಎಸಿ ಆರಿಸಿ ಎರಡನೇ ಗೇರಿಗೆ ಬರಬೇಕು. ನಮ್ಮನೆಯವರಿಗೆ ಈ ಕಾರಿನ ಮೇಲೆ ಪ್ರೀತಿ ಅಷ್ಟಕ್ಕಷ್ಟೇ. "ಓಡಿಸೋಕೆ ಏನೂ ಮಜಾ ಇಲ್ಲ" ಅಂತಾರೆ. ಮಜಾ ಇಲ್ಲ ಅನ್ನೋದು ನಿಜ.

ನೋಟ್‌ಬುಕ್ ಹೇಳಿದ ಲೆಕ್ಕ

ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡೋಳು. ಹಾಗಾಗಿ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ನೋಟ್‌ಬುಕ್ ಮೊದಲ ದಿನದಿಂದ ಇದೆ. ಪೆಟ್ರೋಲ್, ಸರ್ವಿಸ್, ಪಂಕ್ಚರ್ ಎಲ್ಲ ಅದರಲ್ಲಿ. ಈ ಲೇಖನಕ್ಕಾಗಿ ಕೂತು ಕೂಡಿಸಿದೆ. ಕೊಂಡಾಗ ಆನ್‌ರೋಡ್ 4,72,000 ರೂ. ಇಷ್ಟೂ ವರ್ಷದ ಪೆಟ್ರೋಲ್ 6,58,000. ಸರ್ವಿಸ್ ಮತ್ತು ಬಿಡಿಭಾಗ 2,38,000. ಇನ್ಶೂರೆನ್ಸ್ 96,000. ಟೈರ್ 34,000, ಬ್ಯಾಟರಿ 13,000. ಒಟ್ಟು 15,11,000. ಹಳೆ ಕಾರು ಕೊಳ್ಳುವವರು ಈಚೆಗೆ ಹೇಳಿದ ಬೆಲೆ 1,60,000. ಅದನ್ನ ಕಳೆದರೆ 13,51,000. ಕಿಲೋಮೀಟರಿಗೆ ಹತ್ತಿರ ಹತ್ತಿರ 11 ರೂಪಾಯಿ, ತಿಂಗಳಿಗೆ ಸುಮಾರು 9,000. ಟೋಲು, ಪಾರ್ಕಿಂಗು ಇದರಲ್ಲಿ ಸೇರಿಲ್ಲ.

ಈ ಅಂಕಿಗಳಲ್ಲಿ ನಿಮ್ಮ ಕಣ್ಣಿಗೆ ಬೀಳಬೇಕಾದ್ದು ಒಂದು. ಕಾರಿನ ಬೆಲೆಗಿಂತ ಹೆಚ್ಚು ದುಡ್ಡು ಪೆಟ್ರೋಲಿಗೆ ಹೋಗಿದೆ. ಶೋರೂಮ್‌ನಲ್ಲಿ ನಾವು ಹತ್ತು ಸಾವಿರದ ಡಿಸ್ಕೌಂಟ್‌ಗೆ ಅರ್ಧ ದಿನ ಜಗಳ ಆಡ್ತೀವಿ. ಅದು ಬೇಡ ಅಂತಲ್ಲ, ಆದರೆ ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು-ಕಡಿಮೆ ಆದರೆ ಹನ್ನೆರಡು ವರ್ಷದಲ್ಲಿ ಅದು ಆ ಡಿಸ್ಕೌಂಟನ್ನ ಹಲವು ಸಲ ನುಂಗುತ್ತೆ. ನಮ್ಮದು ಊರೊಳಗೆ 13, ತಿಪಟೂರು ದಾರಿಯಲ್ಲಿ 18 ಕೊಡುತ್ತೆ. ಕಂಪನಿಯ ಬ್ರೋಷರ್‌ನಲ್ಲಿರುವ ಸಂಖ್ಯೆ ಪ್ರಯೋಗಾಲಯದ್ದು, ಅದು ಪೀಣ್ಯ ಫ್ಲೈಓವರ್ ಕೆಳಗೆ ಸಿಗಲ್ಲ. ಪೆಟ್ರೋಲ್‌ನಲ್ಲಿ ಎಥನಾಲ್ ಪ್ರಮಾಣ 20 ಶೇಕಡಾ ಮುಟ್ಟಿದ ಮೇಲೆ ಇನ್ನೂ ಸ್ವಲ್ಪ ಇಳಿದಿದೆ. ಆಶ್ಚರ್ಯ ಇಲ್ಲ, ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು ಮಾತ್ರ. ನಮ್ಮ ಗ್ಯಾರೇಜ್ ಅಣ್ಣ ಮುನ್ನೆಚ್ಚರಿಕೆಗೆ ಅಂತ ಹಳೆಯ ಇಂಧನ ಪೈಪುಗಳನ್ನ ಬದಲಿಸಿದ್ದಾರೆ.

ಇನ್ಶೂರೆನ್ಸ್ ಕಡಿಮೆ ಆಗಿರೋದಕ್ಕೆ ಕಾರಣ ನೋ ಕ್ಲೈಮ್ ಬೋನಸ್. ಒಂದು ವರ್ಷ ಕ್ಲೈಮ್ ಮಾಡದಿದ್ದರೆ 20 ಶೇಕಡಾ ರಿಯಾಯಿತಿ, ಐದು ವರ್ಷ ಸತತವಾಗಿ ಮಾಡದಿದ್ದರೆ 50 ಶೇಕಡಾ. ಒಂದು ಸಣ್ಣ ಗೀರಿಗೆ ಕ್ಲೈಮ್ ಹಾಕಿದರೆ ಅದು ಸೊನ್ನೆಗೆ ಬರುತ್ತೆ. ಹಾಗಾಗಿ ಎರಡು-ಮೂರು ಸಾವಿರದ ಡೆಂಟು, ಗೀರುಗಳನ್ನ ನಾನು ಕೈಯಿಂದಲೇ ಸರಿ ಮಾಡಿಸ್ತೀನಿ, ಇಲ್ಲ ಹಾಗೇ ಬಿಡ್ತೀನಿ. ಹಿಂದಿನ ಬಂಪರ್ ಮೇಲೆ ಒಂದು ಆಟೋದ ಹಳದಿ ಬಣ್ಣ ಇನ್ನೂ ಇದೆ.

ಸವೆಯುವುದು ಏನೇನು

ಹತ್ತು ವರ್ಷ ಇಟ್ಕೊಳ್ಳೋ ಆಸೆ ಇದ್ದವರಿಗೆ ಇದು ಉಪಯೋಗಕ್ಕೆ ಬರಬಹುದು. ಮೊದಲ ಐದು ವರ್ಷ ಎಂಜಿನ್ ಆಯಿಲು, ಫಿಲ್ಟರ್, ಬ್ರೇಕ್ ಪ್ಯಾಡು ಇಷ್ಟೇ. ಆರನೇ ವರ್ಷದಿಂದ ಗಾಡಿ ತನ್ನ ವಯಸ್ಸು ಹೇಳೋಕೆ ಶುರು ಮಾಡುತ್ತೆ, ಮೊದಲು ರಬ್ಬರಿನಲ್ಲಿ. ಸಸ್ಪೆನ್ಷನ್ ಬುಷ್‌ಗಳು, ಬಾಗಿಲ ಬೀಡಿಂಗು, ಎಂಜಿನ್ ಮೌಂಟು. ರೋಡ್ ಹಂಪ್ ಮೇಲೆ "ಕಟ್ ಕಟ್" ಅಂದರೆ ಮೊದಲು ಲಿಂಕ್ ರಾಡ್ ನೋಡಿಸಿ, ಅದು ಕಡಿಮೆ ಖರ್ಚಿನದು. ಶಾಕ್ ಅಬ್ಸಾರ್ಬರ್‌ಗೇ ನೇರವಾಗಿ ಕೈ ಹಾಕೋಕೆ ಬಿಡಬೇಡಿ. 78,000 ಕಿಲೋಮೀಟರಿಗೆ ಕ್ಲಚ್ ಬದಲಾಯಿತು. ಅದು ತುಮಕೂರು ರಸ್ತೆಯ ಟ್ರಾಫಿಕ್ಕಿನ ಬಿಲ್ಲು ಅಂದ್ಕೊಂಡಿದ್ದೀನಿ. ಹತ್ತಡಿಗೊಮ್ಮೆ ನಿಂತು ಹೊರಡುವ ಜಾಗದಲ್ಲಿ ಯಾವ ಕ್ಲಚ್ಚೂ ಚಿರಂಜೀವಿ ಅಲ್ಲ. ಈ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಬದಲು ಚೈನ್ ಇರೋದರಿಂದ ಇಷ್ಟು ಕಿಲೋಮೀಟರಿಗೊಮ್ಮೆ ಬೆಲ್ಟ್ ಬದಲಿಸುವ ಖರ್ಚು ಇಲ್ಲ. ಆದರೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗದಿದ್ದರೆ ಆ ಚೈನೂ ಸದ್ದು ಮಾಡೋಕೆ ಶುರು ಮಾಡುತ್ತೆ.

ಎಲ್ಲರೂ ಮರೆಯೋದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ನೀರು ಸೇರಿದ ಬ್ರೇಕ್ ಆಯಿಲ್ ಬಿಸಿಯಾದಾಗ ಬೇಗ ಕುದಿಯುತ್ತೆ, ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗುತ್ತೆ. ಗಾಡಿ ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿಬಿಡಿ. ಟೈರಿಗೂ ಇದೇ ಮಾತು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ. 3118 ಅಂತಿದ್ದರೆ 2018ರ 31ನೇ ವಾರ ತಯಾರಾದದ್ದು. ಗೆರೆ ಚೆನ್ನಾಗಿ ಕಂಡರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಅದು ಮುಗಿದ ಟೈರು.

ಇಲಿ ಬಗ್ಗೆ ಹೇಳದೆ ಬೆಂಗಳೂರಿನ ಕಾರಿನ ಕಥೆ ಪೂರ್ತಿ ಆಗಲ್ಲ. ಲಾಕ್‌ಡೌನ್‌ನಲ್ಲಿ ಗಾಡಿ ನಿಂತಲ್ಲೇ ನಿಂತಾಗ ಬಾನೆಟ್ ಒಳಗೆ ಒಂದು ಸಂಸಾರವೇ ಸೇರ್ಕೊಂಡು ವೈರಿಂಗ್ ಕಡಿದಿತ್ತು. ಸ್ಪ್ರೇ, ಜಾಲರಿ, ಶಬ್ದ ಮಾಡೋ ಯಂತ್ರ ಎಲ್ಲ ಆದ ಮೇಲೆ ಅಪ್ಪ ಫೋನಲ್ಲಿ ಹೇಳಿದ್ದು, "ಹೊಗೆಸೊಪ್ಪು ಕಟ್ಟು." ಒಂದು ಹಿಡಿ ಹೊಗೆಸೊಪ್ಪನ್ನ ಬಟ್ಟೆಯಲ್ಲಿ ಗಂಟು ಹಾಕಿ ಬ್ಯಾಟರಿ ಪಕ್ಕ ಇಟ್ಟಿದ್ದೀವಿ. ಮೂರು ತಿಂಗಳಿಗೊಮ್ಮೆ ಹೊಸದು. ಆಮೇಲೆ ಬಂದಿಲ್ಲ. ಹೊಗೆಸೊಪ್ಪಿನಿಂದಲೋ, ದಿನಾ ಗಾಡಿ ತೆಗೆಯೋಕೆ ಶುರು ಮಾಡಿದ್ದರಿಂದಲೋ, ಇಲಿಯನ್ನೇ ಕೇಳಬೇಕು.

ವಾರಂಟಿ ಮುಗಿದ ಮೇಲೂ ಒಂದೆರಡು ವರ್ಷ ದೊಡ್ಡ ಸರ್ವಿಸ್ ಸೆಂಟರಿಗೇ ಹೋಗ್ತಿದ್ದೆ. ಪ್ರತಿ ಸಲ ಬಿಲ್ಲಿನಲ್ಲಿ ಎಂಜಿನ್ ಫ್ಲಶ್, ಎಸಿ ಸೋಂಕುನಿವಾರಣೆ, ಒಳಗಡೆ ಪಾಲಿಶ್ ಅಂತ ಮೂರು-ನಾಲ್ಕು ಸಾಲು. ಬೇಡ ಅಂದರೆ ತೆಗೀತಾರೆ, ಆದರೆ ಬೇಡ ಅನ್ನೋದನ್ನ ನಾವೇ ಹೇಳಬೇಕು. ಈಗ ಬಡಾವಣೆಯ ಗ್ಯಾರೇಜ್. ಹಳೆ ಭಾಗ ತೆಗೆದು ಕೈಗೆ ಕೊಟ್ಟು "ನೋಡಿ ಮೇಡಂ, ಇದು ಇನ್ನಾರು ತಿಂಗಳು ಬರುತ್ತೆ, ಹಾಕ್ಸಿದ್ರೆ ಹಾಕ್ಸಿ, ಬಿಟ್ರೆ ಬಿಡಿ" ಅನ್ನೋ ಮೆಕ್ಯಾನಿಕ್ ಸಿಕ್ಕರೆ ಗಾಡಿಯ ಆಯಸ್ಸು ಐದು ವರ್ಷ ಜಾಸ್ತಿ ಅಂತ ತಿಳ್ಕೊಳ್ಳಿ.

ಮಂಡಿಗಿಂತ ನಾಲ್ಕು ಬೆರಳು ಮೇಲೆ

2019ರ ಆಗಸ್ಟ್‌ನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು. ಆಸ್ಪತ್ರೆಯಿಂದ ಬಿಡುವ ದಿನ ಅಲ್ಲಿನ ಫಿಸಿಯೋಥೆರಪಿ ಹುಡುಗಿ ಕೇಳಿದ ಮೊದಲ ಪ್ರಶ್ನೆ, "ಅಕ್ಕಾ, ನಿಮ್ಮದು ಯಾವ ಕಾರು?" ಹೇಳಿದೆ. "ಸದ್ಯ" ಅಂದಳು.

ಯಾಕೆ ಅಂತ ಅವಳೇ ಪಾರ್ಕಿಂಗ್‌ಗೆ ಬಂದು ತೋರಿಸಿದಳು. ಅದನ್ನ ಇಲ್ಲಿ ಪೂರ್ತಿ ಬರೀತೀನಿ, ಯಾರಿಗಾದರೂ ಬೇಕಾಗುತ್ತೆ. ಕಾರನ್ನ ಫುಟ್‌ಪಾತಿಗೆ ಅಂಟಿಸಿ ನಿಲ್ಲಿಸಬಾರದು. ಅವರು ಫುಟ್‌ಪಾತ್ ಮೇಲೆ ನಿಂತರೆ ಸೀಟು ತಗ್ಗಾಗಿಬಿಡುತ್ತೆ, ರಸ್ತೆಯ ಮಟ್ಟದಲ್ಲೇ ನಿಲ್ಲಬೇಕು. ಸೀಟನ್ನ ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನು ಸ್ವಲ್ಪ ಒರಗಿಸಿ. ಸೀಟಿನ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಹಾಸಿ. ಈಗ ಅವರನ್ನ ಕಾರಿಗೆ ಬೆನ್ನು ಮಾಡಿ ನಿಲ್ಲಿಸಿ, ಮೊದಲು ಕೂರಿಸಿ. ತಲೆ ತಾಗದಹಾಗೆ ಒಂದು ಕೈ ಅಡ್ಡ ಇರಲಿ. ಕೂತ ಮೇಲೆ ಕಾಲು ಒಳಗೆ. ಪ್ಲಾಸ್ಟಿಕ್ ಇರೋದರಿಂದ ಮೈ ಸಲೀಸಾಗಿ ತಿರುಗುತ್ತೆ. ಅಪ್ಪನ ವಿಷಯದಲ್ಲಿ ಇನ್ನೊಂದು ಅನುಕೂಲ. ಎಡಗಡೆ ಬಾಗಿಲಲ್ಲಿ ಹೊರಗೆ ಮುಖ ಮಾಡಿ ಕೂತರೆ ಅವರ ಗಟ್ಟಿ ಬಲಗೈಗೆ ಡ್ಯಾಶ್‌ಬೋರ್ಡ್ ಸಿಗುತ್ತೆ. ಬಲಗಾಲನ್ನ ತಾವೇ ಒಳಗೆ ಇಡ್ತಾರೆ, ಎಡಗಾಲನ್ನ ನಾವು ಎತ್ತಿಡಬೇಕು. ಹೊರಡುವ ಮುಂಚೆ ಪ್ಲಾಸ್ಟಿಕ್ ಎಳೆದು ತೆಗೆಯಲೇಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಬೆಲ್ಟ್ ಕೆಳಗೆ ಜಾರಿಬಿಡ್ತಾರೆ.

ಇಷ್ಟೆಲ್ಲ ಸಾಧ್ಯ ಆಗೋದು ಸೀಟು ಸರಿಯಾದ ಎತ್ತರದಲ್ಲಿದ್ದರೆ. ನಮ್ಮ ಕಾರಿನ ಸೀಟು ಅಪ್ಪನ ಮಂಡಿಗಿಂತ ನಾಲ್ಕು ಬೆರಳು ಮೇಲಿದೆ. ಅಂದರೆ ಕೆಳಕ್ಕೆ ಇಳಿಸಬೇಕಾಗಿಲ್ಲ, ಮೇಲಕ್ಕೆ ಎತ್ತಬೇಕಾಗಿಲ್ಲ. ಮಡಚಿದ ವೀಲ್‌ಚೇರ್ ಡಿಕ್ಕಿಗೆ ಹಿಡಿಸಲ್ಲ. ಅದು ಹಿಂದಿನ ಸೀಟಿನ ಒಂದು ಬದಿ ಬೆಲ್ಟ್ ಹಾಕಿಸ್ಕೊಂಡು ಕೂರುತ್ತೆ, ಪಕ್ಕದಲ್ಲಿ ಅಮ್ಮ. ಮೊದಲ ವರ್ಷ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ. ಹತ್ತೋದು ಇಳಿಯೋದು ಎರಡೂ ಕಷ್ಟ ಆಗಿದ್ದಿದ್ದರೆ ಒಂದು ತಿಂಗಳಿಗೇ "ಬೇಡ ಬಿಡ್ರವ್ವ" ಅಂತಿದ್ದರು. ನಮ್ಮ ನೆಂಟರಲ್ಲಿ ಹಾಗೆ ಬಿಟ್ಟವರನ್ನ ನೋಡಿದ್ದೀನಿ. ಮನೆಯವರಿಗೆ ಮನಸ್ಸಿಲ್ಲದೆ ಅಲ್ಲ. ಪ್ರತಿ ಸಲ ಇಬ್ಬರು ಗಂಡಸರು ಎತ್ತಬೇಕು ಅಂದರೆ ಆ ಇಬ್ಬರನ್ನ ಎಲ್ಲಿಂದ ತರೋದು? ನಾನು ಮತ್ತೆ ಅಮ್ಮ, ಇಬ್ಬರೇ ಸಾಕಾಗ್ತಿತ್ತು. ಅಪ್ಪ ಈಗ ಕೋಲು ಹಿಡಿದು ಅಂಗಳದ ತನಕ ಬರ್ತಾರೆ. ಅದರ ಹೆಚ್ಚಿನ ಪಾಲು ಆ ಫಿಸಿಯೋ ಹುಡುಗಿಯ ಶ್ರಮ, ಅಪ್ಪನ ಹಠ. ಸೀಟಿನ ಎತ್ತರಕ್ಕೂ ಸ್ವಲ್ಪ ಸಲ್ಲಬೇಕು.

ಟೇಪು ಹಿಡಿದು ಶೋರೂಮಿಗೆ

ಹಾಗಂತ ಈ ಕಾರಿನಲ್ಲಿ ನನಗೆ ನಿದ್ದೆ ಕೆಡಿಸಿದ ಒಂದು ವಿಷಯ ಇದೆ. ನಾವು ಕೊಂಡ ವೇರಿಯಂಟ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2012ರಲ್ಲಿ ಕಾನೂನೂ ಅದನ್ನ ಕೇಳ್ತಿರಲಿಲ್ಲ. ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಿಂದ, ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಿಂದ, ಪಕ್ಕದ ಸೀಟಿನವರಿಗೂ ಏರ್‌ಬ್ಯಾಗ್ 2022ರ ಆರಂಭದಿಂದ. ತಿಂಗಳಿಗೆ ಎರಡು ಸಲ ಬೆಂಗಳೂರು-ತಿಪಟೂರು, ಹೋಗಿ ಬಂದರೆ 280 ಕಿಲೋಮೀಟರ್ ಮೇಲೆ. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾರಿಯಲ್ಲಿ ಎದುರಿಂದ ಲಾರಿ, ಪಕ್ಕದಿಂದ ಟ್ರ್ಯಾಕ್ಟರ್. ಹಿಂದಿನ ಸೀಟಿನಲ್ಲಿ ಮಗಳು. ನಿಧಾನಕ್ಕೆ ಹೋಗ್ತೀನಿ, ಎಲ್ಲರೂ ಬೆಲ್ಟ್ ಹಾಕ್ತೀವಿ, ರಾತ್ರಿ ಹೊರಡಲ್ಲ. ಆದರೂ ಎದುರಿನವರು ಹೇಗೆ ಬರ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ.

ತಮ್ಮನ ಅಭಿಪ್ರಾಯ ಸರಳ: "ಮಾರಿ ಒಂದು ಎಸ್‌ಯುವಿ ತಗೊಳ್ಳೋಣ ಅಕ್ಕ." ಸರಿ ಅಂತ 2023ರಲ್ಲಿ ಅಪ್ಪನನ್ನೇ ಕರ್ಕೊಂಡು ತುಮಕೂರಿನಲ್ಲಿ ಶೋರೂಮ್ ಸುತ್ತಿದೆವು. ನನ್ನ ಕೈಯಲ್ಲಿ ಟೈಲರ್ ಟೇಪು. ಸೇಲ್ಸ್ ಹುಡುಗ ಟಚ್‌ಸ್ಕ್ರೀನ್ ತೋರಿಸೋಕೆ ಬಂದರೆ ನಾನು ನೆಲದಿಂದ ಸೀಟಿಗೆ ಅಳತೆ ತೆಗೀತಿದ್ದೆ. ಪಾಪ, ಅವನಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಸೆಡಾನ್ ಸೀಟು ಮಂಡಿಗಿಂತ ಕೆಳಗೆ, ಅಪ್ಪ ಕೂತರೆ ಏಳೋದು ಅಸಾಧ್ಯ. ಎತ್ತರದ ಎಸ್‌ಯುವಿಯಲ್ಲಿ ಸೀಟು ಹತ್ತಿರ ಹತ್ತಿರ ಸೊಂಟಕ್ಕೆ ಬರುತ್ತೆ. ಗಟ್ಟಿ ಇರೋರಿಗೆ ರಾಜನಹಾಗೆ ಕಾಣುತ್ತೆ, ಒಂದು ಕಾಲು ಏಳದವರಿಗೆ ಅದು ಅಟ್ಟ. ಸಣ್ಣ ಎಸ್‌ಯುವಿ ಒಂದೆರಡರಲ್ಲಿ ಸೀಟಿನ ಎತ್ತರ ಸರಿ ಇತ್ತು, ಆದರೆ ಬಾಗಿಲ ಹೊಸ್ತಿಲು ಅಗಲ, ಮೇಲ್ಚಾವಣಿ ಇಳಿಜಾರು, ಅಪ್ಪನ ತಲೆ ಎರಡು ಸಲ ತಾಗಿತು. ಮೂರನೇ ಶೋರೂಮ್‌ನಲ್ಲಿ ಅಪ್ಪ ಇಳಿಯೋಕೇ ಒಪ್ಪಲಿಲ್ಲ. "ನಮ್ಮ ಗಾಡೀಲಿ ಏನು ಕಮ್ಮಿ ಆಗದೆ ಈಗ?" ಅಂದರು.

ಹೊಸ ವ್ಯಾಗನ್‌ಆರ್ ಕೊಂಡರೆ ಆಯ್ತಲ್ಲ ಅಂತ ನೀವು ಕೇಳಬಹುದು. ಅದರ ಬಾಗಿಲು ಇನ್ನೂ ಅಗಲ, ಡಿಕ್ಕಿಯೂ ದೊಡ್ಡದು, 2023ರಲ್ಲಿ ಎರಡು ಏರ್‌ಬ್ಯಾಗ್ ಇದ್ದವು. ಆದರೆ 2023ರ ಏಪ್ರಿಲ್‌ನಲ್ಲಿ ಗ್ಲೋಬಲ್ ಎನ್‌ಸಿಎಪಿ ಡಿಕ್ಕಿ ಪರೀಕ್ಷೆಯಲ್ಲಿ ಅದಕ್ಕೆ ದೊಡ್ಡವರ ರಕ್ಷಣೆಗೆ ಬಂದದ್ದು ಒಂದೇ ಸ್ಟಾರ್. ಸುರಕ್ಷತೆಗೋಸ್ಕರ ಕಾರು ಬದಲಿಸೋಳು ಆರೇಳು ಲಕ್ಷ ಕೊಟ್ಟು ಆ ಒಂದು ಸ್ಟಾರ್ ತರೋದು ನನಗೆ ಒಪ್ಪಿಗೆ ಆಗಲಿಲ್ಲ. ಹೊರಕ್ಕೆ ತಿರುಗುವ ಸೀಟನ್ನ ಬೇರೆ ಕಾರಿಗೆ ಹಾಕಿಸುವ ದಾರಿಯೂ ಇದೆ, ಅಂಥ ಸೀಟು ಮಾಡಿಕೊಡುವವರು ಈಗ ನಮ್ಮಲ್ಲೂ ಇದ್ದಾರೆ. ಅದು ಮತ್ತೆ ಹೊಸ ಕಾರು, ಅದರ ಮೇಲೆ ಸೀಟಿನ ಖರ್ಚು.

ಒಂದು ವಾರ ಮನೆಯಲ್ಲಿ ಇದೇ ಮಾತು. ಕೊನೆಗೆ ದಾರಿ ತೋರಿಸಿದ್ದು ಆ ನೋಟ್‌ಬುಕ್ಕೇ. ಓಡಿದ ಕಿಲೋಮೀಟರ್‌ಗಳನ್ನ ಬೇರೆ ಬೇರೆ ಮಾಡಿ ನೋಡಿದರೆ ಅಪಾಯ ಇರೋದೆಲ್ಲ ಹೈವೇ ಓಟದಲ್ಲಿ, ಅಪ್ಪನಿಗೆ ಕಾರು ಬೇಕಾಗಿರೋದೆಲ್ಲ ತಿಪಟೂರಿನ ಒಳಗೆ. ಮನೆಯಿಂದ ಆಸ್ಪತ್ರೆಗೆ ನಾಲ್ಕು ಕಿಲೋಮೀಟರ್, ತೋಟಕ್ಕೆ ಆರು, ದೇವಸ್ಥಾನಕ್ಕೆ ಎರಡು. ಮೂವತ್ತು-ನಲವತ್ತರ ವೇಗ ದಾಟುವ ಅವಕಾಶವೇ ಇಲ್ಲದ ರಸ್ತೆಗಳು. ಎರಡೂ ಕೆಲಸಕ್ಕೆ ಒಂದೇ ಕಾರು ಯಾಕೆ ಬೇಕು? ಅಷ್ಟೇ ಯಾಕೆ, ಹೈವೇಗೆ ಕಾರೇ ಯಾಕೆ ಬೇಕು?

ಹೋದ ವರ್ಷದಿಂದ ವ್ಯಾಗನ್‌ಆರ್ ತಿಪಟೂರಿನಲ್ಲಿದೆ. ನಾವು ಯಶವಂತಪುರದಲ್ಲಿ ರೈಲು ಹತ್ತಿದರೆ ಎರಡು ಗಂಟೆ ಚಿಲ್ಲರೆಗೆ ಅಲ್ಲಿರ್ತೀವಿ. ಮಗಳಿಗೆ ಕಿಟಕಿ ಸೀಟು, ನನಗೆ ನಿದ್ದೆ. ಆಫೀಸಿಗೆ ಹಸಿರು ಮಾರ್ಗದ ಮೆಟ್ರೋ. ಕಾಯಿ ಮೂಟೆ ಮಾತ್ರ ರೈಲಿನಲ್ಲಿ ತರೋಕಾಗಲ್ಲ, ಅದಕ್ಕೆ ಅಮ್ಮನ ಬೇಜಾರು ಇನ್ನೂ ಹೋಗಿಲ್ಲ. ಬೆಂಗಳೂರಲ್ಲಿ ಕಾರಿಲ್ಲದ ಕಷ್ಟ ಇಲ್ಲ ಅಂತ ಸುಳ್ಳು ಹೇಳಲ್ಲ. ಮಳೆಯಲ್ಲಿ ಮಗಳಿಗೆ ಜ್ವರ ಬಂದ ರಾತ್ರಿ ಕ್ಯಾಬ್‌ಗೆ ಮುಕ್ಕಾಲು ಗಂಟೆ ಕಾದಿದ್ದೀವಿ. ಮುಂದೆ ಒಂದು ಒಳ್ಳೆ ಸ್ಟಾರ್ ರೇಟಿಂಗ್ ಇರೋ ಕಾರು ಕೊಳ್ಳಬೇಕಾಗಬಹುದು. ಆಗ ಅದನ್ನ ಆರಿಸುವಾಗ ಅಪ್ಪನ ಮಂಡಿಯ ಲೆಕ್ಕ ಅದಕ್ಕೆ ಬೇಕಾಗಿಲ್ಲ ಅನ್ನೋದೇ ದೊಡ್ಡ ಸಮಾಧಾನ. ನಮ್ಮಿಬ್ಬರ ಮಂಡಿಯ ಲೆಕ್ಕ ಬೇಕಾದೀತು, ನಮಗೂ ನಲವತ್ತಾಯಿತು.

ತಿಪಟೂರಿನ ಗಾಡಿಗೆ 2027ರ ಅಕ್ಟೋಬರ್‌ಗೆ 15 ವರ್ಷ ತುಂಬುತ್ತೆ. 15 ವರ್ಷ ಆದ ಪೆಟ್ರೋಲ್ ಕಾರನ್ನ ಗುಜರಿಗೇ ಹಾಕಬೇಕು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದು ದೆಹಲಿಯ ಸುದ್ದಿ ಓದಿ ಆಗಿರುವ ಗೊಂದಲ. ನಮ್ಮಲ್ಲಿ ಆರ್‌ಟಿಒ ಗಾಡಿ ನೋಡಿ ಓಡಿಸೋಕೆ ಯೋಗ್ಯ ಅಂದರೆ ನೋಂದಣಿ ಐದು ವರ್ಷಕ್ಕೆ ನವೀಕರಣ ಆಗುತ್ತೆ. 2022ರ ಏಪ್ರಿಲ್‌ನಿಂದ ಕಾರಿಗೆ ಅದರ ಶುಲ್ಕ 5,000 ರೂ., ತೆರಿಗೆ ಬೇರೆ. ಈ ಮಳೆಗಾಲ ಮುಗಿದ ಮೇಲೆ ಅಡಿಭಾಗದ ತುಕ್ಕು ಕೆರೆಸಿ ಬಣ್ಣ ಹೊಡೆಸಬೇಕು, ಮಂಕಾದ ಹೆಡ್‌ಲೈಟ್ ಪಾಲಿಶ್ ಮಾಡಿಸಬೇಕು ಅಂತ ತಮ್ಮ ಪಟ್ಟಿ ಮಾಡಿದ್ದಾನೆ.

ಅವನು ಮಂಡಿಗೆ ಹೋದ ದಿನ ಅಪ್ಪನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಬೇಕಲ್ಲ, ಹಾಗಾಗಿ ತಮ್ಮನ ಹೆಂಡತಿ ಈಗ ಅದೇ ಗಾಡಿಯಲ್ಲಿ ಡ್ರೈವಿಂಗ್ ಕಲೀತಿದ್ದಾಳೆ. ಬೆಳಗ್ಗೆ ಆರಕ್ಕೆ ಎಪಿಎಂಸಿ ಹಿಂದಿನ ಖಾಲಿ ರಸ್ತೆ. ಪಕ್ಕದ ಸೀಟಿನಲ್ಲಿ ಅಪ್ಪ, ಬಲಗೈಯಲ್ಲಿ ಡ್ಯಾಶ್‌ಬೋರ್ಡ್ ತಟ್ಟುತ್ತಾ: "ಕ್ಲಚ್ ಮೇಲಿಂದ ಕಾಲು ತೆಗಿಯಮ್ಮ, ಅದುಕ್ಕೆ ಆಗ್ಲೇ ಒಂದ್ಸಲ ದುಡ್ಡು ಕೊಟ್ಟಿದೀವಿ."